ಅತ್ತೆ ಹೊಲಿದ ಹಾಯಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಹಡಗಕ್ಕ,

ಮೊದಲು ನಿಮ್ಮ ಬೈಗುಳಕ್ಕೆ ತಲೆಯೊಡ್ಡಿಬಿಡುತ್ತೇನೆ. ನನ್ನ ಮಾದರಿ ಹಡಗನ್ನು ನೀರಿಗೆ ಬಿಟ್ಟೆ. ಗಾಜಿನ ಪೆಟ್ಟಿಗೆಗೆಂದು ಕಟ್ಟಿದ ಹಡಗು ನೀರು ಕಂಡರೆ ಹಲಗೆ ಬಾಯಿ ಬಿಡುತ್ತದೆ ಎಂದು ನೀವು ಅಡಿಗೆರೆ ಎಳೆದು ಬರೆದಿದ್ದಿರಿ. ಬಿಟ್ಟಿತು. ಆದರೂ ಪೂರ್ತಿ ಓದಿ, ಆಮೇಲೆ ಬೈಯಿರಿ.

ಹವ್ಯಾಸದ ಪತ್ರಿಕೆಯಲ್ಲಿ, ಮರದ ಪಟ್ಟಿ ಬಾಗಿಸಲು ಹೋದರೆ ಮುರಿಯುತ್ತದೆ, ದಾರಿ ಹೇಳಿ ಎಂದು ನಾನು ಕೇಳಿದಾಗ ಉತ್ತರ ಬರೆದವರು ನೀವೊಬ್ಬರೇ. ಬಿಸಿನೀರಲ್ಲಿ ನೆನೆಸು, ಕಾದ ಕೊಳವೆಗೆ ಮೆಲ್ಲಗೆ ಒತ್ತು, ಮರಕ್ಕೆ ಅವಸರ ಆಗಿಬರುವುದಿಲ್ಲ ಎಂದಿರಿ. ನೀವು ಬಡಗಿ, ನಾನು ಕಟ್ಟುಹಲ್ಲು ಮಾಡುವವಳು. ಒಬ್ಬರ ಮುಖ ಒಬ್ಬರು ನೋಡದೆ ಅಕ್ಕತಂಗಿಯರಾದೆವು. ಆದರೆ ನಮ್ಮತ್ತೆಯ ವಿಷಯ ಮಾತ್ರ ನಿಮಗೆ ಬರೆದಿರಲಿಲ್ಲ.

ಮಾವ ಹಾಯಿ ಕಟ್ಟಿದ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು. ನಮ್ಮವರು ಇನ್ನೂ ತೊಟ್ಟಿಲಲ್ಲಿದ್ದಾಗ ಹೊರಟ ಹಡಗು ಮರಳಲೇ ಇಲ್ಲ. ಮರದ ಚೂರೂ ಸಿಗಲಿಲ್ಲ. ಅತ್ತೆ ಮಗುವನ್ನೂ ಹೊಲಿಗೆ ಯಂತ್ರವನ್ನೂ ಎತ್ತಿಕೊಂಡು, ಅಲೆಯ ಸದ್ದು ಕೇಳಿಸದ ಈ ಊರಿಗೆ ಬಂದು, ಅಂಗಿ ಹೊಲಿದು ಮಗನನ್ನು ಬೆಳೆಸಿದರು. ನಮ್ಮ ಮನೆಯಲ್ಲಿ ಕಡಲಿನ ಮಾತನ್ನು ಯಾರೂ ಎತ್ತುವುದಿಲ್ಲ. ಅಂಥ ಮನೆಯ ಹಿಂದಿನ ಕೋಣೆಯಲ್ಲಿ, ಸಮುದ್ರವನ್ನು ಕಣ್ಣಾರೆ ಕಾಣದ ಸೊಸೆಗೆ ಹಡಗಿನ ಹುಚ್ಚು! ಅತ್ತೆ ಬೇಡ ಅನ್ನಲಿಲ್ಲ. ಮನೆಯೆಲ್ಲ ತಾವೇ ಗುಡಿಸಿದರೂ ಆ ಕೋಣೆಯ ಹೊಸ್ತಿಲು ಮಾತ್ರ ದಾಟುತ್ತಿರಲಿಲ್ಲ.

ಹೋದ ತಿಂಗಳು ಹಾಯಿ ಹೊಲಿಯುತ್ತ ಕೂತಿದ್ದೆ. ಬಾಗಿಲಲ್ಲಿ ಅತ್ತೆ ನಿಂತು ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ, ಇದೇನು ಹಾಯಿನಾ, ದಿಂಬಿನ ಗವಸಾ, ಕೊಡು ಇಲ್ಲಿ ಅಂದರು. ಬಟ್ಟೆಯ ಅಂಚಿನಿಂದಲೇ ಒಂದು ಎಳೆ ಬಿಡಿಸಿ, ಜೇನುಮೇಣಕ್ಕೆ ಉಜ್ಜಿ, ಕಣ್ಣಿಗೇ ಕಾಣದಂಥ ಹೊಲಿಗೆ ಹಾಕಿದರು. (ಹಡಗಿನ ಹಗ್ಗಕ್ಕೆ ಕಟ್ಟುವ ದಾರಕ್ಕೂ ಹೀಗೆ ಮೇಣ ಹಚ್ಚಿ ನೋಡಿ ಅಕ್ಕ, ನೂಲಿನ ಜುಂಗೆಲ್ಲ ಮಲಗಿಬಿಡುತ್ತದೆ.) ಬಟ್ಟೆಯ ಹೊಸ ಬಿಳುಪು ಅವರಿಗೆ ಹಿಡಿಸಲಿಲ್ಲ. ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದರು.

ಅಂದಿನಿಂದ ಸಂಜೆಯಾದರೆ ನಾವಿಬ್ಬರೂ ಅಲ್ಲೇ. ಇಳಿಬಿಸಿಲಲ್ಲಿ ಮರದ ಪುಡಿ ತೇಲುತ್ತಿತ್ತು, ಕಿಟಕಿಯ ಗಾಳಿಗೆ ಹಾಯಿಗಳು ನಿದ್ದೆಯಲ್ಲಿ ಉಸಿರಾಡಿದ ಹಾಗೆ ಏಳುತ್ತಿದ್ದವು. ಒಂದು ದಿನ ತಲೆ ಎತ್ತದೆ, ಅಡುಗೆಕೋಣೆ ಎಲ್ಲಿ ಬರುತ್ತೆ ಎಂದು ಕೇಳಿದರು. ತೋರಿಸಿದೆ. ಅದರ ಮೇಲೆ ಬೆರಳಿಟ್ಟರು, ತೆಗೆಯಲೇ ಇಲ್ಲ. ಇಷ್ಟು ಚಿಕ್ಕದಾ, ಅಷ್ಟೆತ್ತರದ ಮನುಷ್ಯ ಒಳಗೆ ಹೇಗೆ ನಿಲ್ತಿದ್ರೋ ಅಂದರು. ಮಾವ ಎತ್ತರವಿದ್ದರೆಂದು ನಾನು ಕೇಳಿದ್ದು ಅದೇ ಮೊದಲು. ಬಾಗಿಲಲ್ಲಿ ಟವೆಲು ಹಿಡಿದು ನಿಂತಿದ್ದ ನಮ್ಮವರಿಗೂ ಅದೇ ಮೊದಲು.

ಹಡಗು ಮುಗಿಯಿತು. ಇದು ತೇಲುತ್ತಾ ಎಂದರು ಅತ್ತೆ. ನೋಡೋದಕ್ಕೆ ಮಾತ್ರ ಅಂದೆ. ಹಾಗಾದರೆ ಅದನ್ನ ಹಡಗು ಅಂತ ಯಾಕೆ ಕರೀಬೇಕು ಎಂದು ಕೇಳಿ ಎದ್ದು ಹೋದರು. ವರ್ಷಗಟ್ಟಲೆ ಬೆನ್ನು ಬಗ್ಗಿಸಿ ಕಟ್ಟಿದ್ದು ಅಕ್ಕ. ಆದರೂ ಮೇಲಿನ ಹಲಗೆ ಬಿಚ್ಚಿ, ಒಳಗೆಲ್ಲ ವಾರ್ನಿಷ್ ಬಳಿದು, ಮಗುಚದಿರಲೆಂದು ತಳಕ್ಕೆ ಗಾಳದ ಸೀಸದ ಗುಂಡು ಹಾಕಿದೆ.

ಇವತ್ತು ಬೆಳಗ್ಗೆ ಮೂವರೂ ಕೆರೆಗೆ ಹೋದೆವು. ನೀರಿನ ಮೇಲೆ ಹಾಲಿನಂಥ ಮಂಜು. ನಮ್ಮವರು ಹಡಗಿನ ಮೂತಿಗೆ ದಾರ ಕಟ್ಟಿದರು. ಅತ್ತೆ ಮೊಣಕಾಲುದ್ದ ನೀರಿಗಿಳಿದು, ಮಗುವನ್ನು ಮಲಗಿಸಿದ ಹಾಗೆ ಅದನ್ನು ಇಟ್ಟರು. ಹಾಯಿ ತುಂಬಿತು. ಹಡಗು ತನ್ನಷ್ಟಕ್ಕೇ ಹೋಗಿ ಮಂಜಿನೊಳಗೆ ಸೇರಿತು. ಆಮೇಲೆ ದಾರವೊಂದೇ ಕಾಣುತ್ತಿತ್ತು. ಅತ್ತೆ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು. ಎಳೆಯಲಾ ಅಮ್ಮ ಎಂದು ನಮ್ಮವರು ಕೇಳಿದರೆ, ಬೇಡ, ಇನ್ನೂ ಸ್ವಲ್ಪ ಹೋಗಲಿ ಅಂದರು.

ಕೊನೆಗೆ ತಾವೇ ದಾರ ತೆಗೆದುಕೊಂಡು ಎಳೆಯತೊಡಗಿದರು. ಮೊದಲು ಹಾಯಿಯ ಕಂದು, ಆಮೇಲೆ ಕಂಬ, ಆಮೇಲೆ ಮೂತಿ. ನೀರು ಕುಡಿದು ವಾಲಿತ್ತು, ಆದರೂ ಬಂತು. ಬಂತಲ್ಲೋ, ಬಂತು ಎನ್ನುತ್ತಾ ಅತ್ತೆ ಅದನ್ನು ಮಡಿಲಿಗೆ ಎತ್ತಿಕೊಂಡು ದಡದಲ್ಲಿ ಕೂತು ಗೋಳೋ ಎಂದು ಅತ್ತರು. ಅಷ್ಟು ಗಟ್ಟಿ ಹೆಂಗಸು, ಅಕ್ಕ. ನಮ್ಮವರು ಕೆಸರಲ್ಲೇ ಪಕ್ಕಕ್ಕೆ ಕೂತರು, ಅಪ್ಪನ ಬಗ್ಗೆ ಹೇಳಮ್ಮ ಅಂದರು. ದಾರಿಯುದ್ದಕ್ಕೂ ಹೇಳಿದರು. ಮಾವನ ಕೈ ಅಡುಗೆಗೆ ಯಾವಾಗಲೂ ಉಪ್ಪು ಜಾಸ್ತಿಯಂತೆ. ಹಡಗಿನವರ ನಾಲಿಗೆ ಎಂದು ಅತ್ತೆ ಆಡಿಕೊಳ್ಳುತ್ತಿದ್ದರಂತೆ. ನಗುತ್ತಾ ಮನೆಗೆ ಬಂದೆವು.

ಹಡಗೀಗ ಮೇಜಿನ ಮೇಲೆ ಒಣಗುತ್ತಿದೆ. ಎಡಬದಿಯ ಹಲಗೆಗಳ ಸಂದು ಹೇಗೆ ಮುಚ್ಚಲಿ, ತಿಳಿಸಿ. ನನ್ನ ಹಲ್ಲಿನ ಮೇಣ ತುಂಬಬಹುದು, ಆದರೆ ಹಡಗಿಗೂ ಕಟ್ಟುಹಲ್ಲು ಕಟ್ಟಿದಳೆಂದು ನೀವು ನಗುತ್ತೀರಿ.

ಇಂತಿ,
ನಿಮ್ಮ ಹಲ್ಲಿನ ತಂಗಿ

ತಾ.ಕ.: ಕಷ್ಟವೆಂದು ನಾನು ಈ ಹಡಗಿಗೆ ಸಣ್ಣ ದೋಣಿ ಮಾಡಿರಲಿಲ್ಲ, ಅಪಾಯ ಬಂದರೆ ಇಳಿದು ಪಾರಾಗುವಂಥದ್ದು. ಅತ್ತೆ ಪಕ್ಕದಲ್ಲೇ ಕೂತು, ಅದನ್ನು ಕೇಳಿ ಬರೆ ಅನ್ನುತ್ತಿದ್ದಾರೆ. ಆ ಕಾಲದ ಹಡಗಿನಲ್ಲಿ ಅಂಥ ದೋಣಿ ಇರುತ್ತಿತ್ತಾ? ಅದರಲ್ಲಿ ಅಡುಗೆಯವರಿಗೂ ಜಾಗ ಇರುತ್ತಿತ್ತಾ? ಇಷ್ಟು ವರ್ಷ ಯಾರನ್ನೂ ಕೇಳುವ ಧೈರ್ಯ ಬಂದಿರಲಿಲ್ಲವಂತೆ. ಏನಿದ್ದರೂ ನೀವು ಇದ್ದದ್ದನ್ನೇ ಬರೆಯಬೇಕಂತೆ.