ಬಾವಿಯ ಪಕ್ಕದ ಗುಂಡಿ

ಹಳೇಬೀಡು, ಮಾರ್ಚ್ 14, ಗುರುವಾರ

ಪಕ್ಕದ ಚನ್ನೇಶ ಕಕ್ಕಸಿನ ಗುಂಡಿ ತೋಡಿಸಿಯೇಬಿಟ್ಟ. ನಮ್ಮ ಬಾವಿಗೂ ಅದಕ್ಕೂ ನಡುವೆ ಇರುವುದು ಒಂದು ಗೋಡೆ. ನಾಳೆ ಸಿಮೆಂಟ್ ರಿಂಗ್ ಇಳಿಸುತ್ತಾರಂತೆ.

ಅವರ ಮನೆಯ ಅಣ್ಣತಮ್ಮಂದಿರು ಮೂವತ್ತು-ನಲವತ್ತರ ಸೈಟನ್ನು ಸೀಳಿ ಹಂಚಿಕೊಂಡರು. ಇವನ ಪಾಲಿನ ಅರ್ಧದಲ್ಲಿ ಮನೆ ಕಟ್ಟಿದ ಮೇಲೆ ಗುಂಡಿಗೆ ಬೇರೆ ಮೂಲೆಯೇ ಇಲ್ಲ. ಪಂಚಾಯ್ತಿ ಮೆಂಬರ್ ಬಂದು ನೋಡಿ, "ಬಾವಿಗೆ ದೂರ ಇರ್ಬೇಕು, ನಿಜ. ಆದ್ರೆ ಜಾಗ ಎಲ್ಲೈತೆ?" ಎಂದು ನಮ್ಮ ಕಾಫಿಯನ್ನೇ ಕುಡಿದು ಹೋದರು. ನಮ್ಮ ಯಜಮಾನರು ಅದಕ್ಕೂ ತಲೆಯಾಡಿಸಿದರು!

ಕೊನೆಗೆ ನಾನೇ ಹೋಗಿ ಕೂಗಾಡಿದೆ. ಚನ್ನೇಶನ ಹೆಂಡತಿ ಪ್ರತಿಮಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಮಗಳು ದೊಡ್ಡೋಳಾಗವ್ಳೆ ಅಕ್ಕ, ಇನ್ನೂ ಬಯಲಿಗೆ ಕಳಿಸ್ಲಾ? ನೀವೆಂಗೂ ನೀರು ಸೋಸೇ ಕುಡಿಯೋರು. ಸೋಸ್ಕಳಿ" ಎಂದಳು.

ಮೈ ಉರಿಯಿತು. ಮಗಳ ವಿಷಯದಲ್ಲಿ ಅವಳು ಹೇಳಿದ್ದು ನಿಜ, ಅದಕ್ಕೇ ಈಗಲೂ ಉರಿಯುತ್ತಿದೆ.

ಸೋಸ್ಕಳಿ ಅಂತೆ! ನಮ್ಮ ಜೈನರ ಮನೆಯಲ್ಲಿ ನೀರು ಸೋಸುವುದು ನಮ್ಮ ಹೊಟ್ಟೆಗೆ ಹೆದರಿಯೇ? ಕಣ್ಣಿಗೆ ಕಾಣದ ಜೀವಗಳು ನಮ್ಮ ಬಾಯಿಗೆ ಸಿಕ್ಕಿ ಸಾಯಬಾರದೆಂದು. ಸೋಸಿದ ಬಟ್ಟೆಯನ್ನು ಮಗುಚಿ ತೊಳೆದ ನೀರನ್ನು, ಆ ಜೀವಗಳು ಬಂದ ಬಾವಿಗೇ ಮೆಲ್ಲಗೆ ಇಳಿಸಿ ಬಿಡಬೇಕು. ಅತ್ತೆ ಕಲಿಸಿದ್ದು.

ಇವತ್ತೂ ಹೊತ್ತು ಮುಳುಗುವ ಮುನ್ನ ಸೋಸಿದೆ, ಬಟ್ಟೆ ತೊಳೆದ ನೀರಿನ ಬಿಂದಿಗೆಯನ್ನು ಹಗ್ಗದಲ್ಲಿ ಇಳಿಸಿದೆ. ಅರ್ಧಕ್ಕೆ ಕೈ ನಿಂತಿತು. ನಾಳೆಯಿಂದ ಈ ನೀರು ಏನಾಗುತ್ತದೋ, ಆ ಜೀವಗಳನ್ನು ಇದಕ್ಕೇ ಬಿಡಲೇ?

ಬಿಟ್ಟೆ. ಅವಕ್ಕಾದರೂ ಬೇರೆ ಜಾಗ ಎಲ್ಲಿದೆ?