ಓಣಿಯ ದೊಡ್ಡ ಮನೆ ನೋಡಿ ಬಂದೆವು

ಮಲ್ಲಟದ ಶರಣಮ್ಮಕ್ಕನಿಗೆ ರಾಯಚೂರಿನಿಂದ ನಿಮ್ಮ ನೆಗೆಣ್ಣಿ ವಿಜಯಶ್ರೀಯ ಶರಣು.

ಅಕ್ಕಾ, ಫೋನಿನಲ್ಲಿ ನೀವು "ಆರಾಮ ಇದ್ದೀಯೇನ ವಿಜಯಾ?" ಅಂದ ಕೂಡಲೇ ನಾನು "ಆರಾಮ ಇದ್ದೀನ್ರಿ" ಅಂದುಬಿಡುತ್ತೇನೆ. ಆಮೇಲೆ ಬೇರೆ ಮಾತೇ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಆರಾಮ ಇಲ್ಲ ಅಕ್ಕಾ, ದಣಿದಿದ್ದೇನೆ.

ಬಾಡಿಗೆ ಮನೆ ಬಿಡಬೇಕಾಗಿದೆ, ನಿಮಗೆ ಗೊತ್ತಲ್ಲ. ಬೇಸಿಗೆಯೆಲ್ಲ ಕೊಳ್ಳಲು ಮನೆ ನೋಡುವುದರಲ್ಲೇ ಹೋಯಿತು. ಕಂಡವರ ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ಊದಿಕೊಂಡಿವೆ. ಮೊನ್ನೆ ಭಾನುವಾರ ದಲ್ಲಾಳಿ ಜಮೀರ್ ನಮ್ಮಿಬ್ಬರನ್ನು ಹಳೆಯ ಓಣಿಯೊಂದರ ದೊಡ್ಡ ಮನೆಗೆ ಕರೆದೊಯ್ದ. ಕಲ್ಲಿನ ಕಟ್ಟಡ, ಅಗಲವಾದ ಪಡಸಾಲೆ, ನಡುವೆ ಅಂಗಳ, ಸುತ್ತ ಕೋಣೆಗಳು, ಹಿಂದೆ ಬೇವಿನ ಮರ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಕಾಲಿಟ್ಟರೆ ನೆಲದ ಪರಸಿಕಲ್ಲು ತಣ್ಣಗಿತ್ತು. "ಇಂಥಾ ಓಣಿ ಮತ್ತ ಸಿಗಂಗಿಲ್ರಿ. ಎಲ್ಲಾ ಹಳೇ ಮಂದಿ. ಸಂತಿ, ದವಾಖಾನಿ ಎಲ್ಲಾ ನಡಕೊಂಡ ಹೋಗೋವಷ್ಟ ಸಮೀಪ," ಎಂದು ಜಮೀರ್ ಹೇಳುತ್ತಲೇ ಇದ್ದ. ಸುಳ್ಳೇನಲ್ಲ. ನಮ್ಮ ಮನೆಯವರು ಗೋಡೆ ತಟ್ಟಿದರು, ಜಂತಿಗೆ ಗೆದ್ದಲು ಹತ್ತಿದೆಯೇ ಎಂದು ಕತ್ತೆತ್ತಿ ನೋಡಿದರು. "ಮನಿ ಅಂದ್ರ ಹಿಂಗಿರಬೇಕು ನೋಡು," ಎನ್ನುತ್ತಾ ಜಮೀರನ ಜೊತೆ ಮಾಳಿಗೆ ಹತ್ತಿದರು.

ನಾನು ನೋಡಿದ್ದೇ ಬೇರೆ. ನಳ ಮುಂಬಾಗಿಲ ಬಳಿ, ಅಡುಗೆಮನೆ ಹಿತ್ತಲ ಕಡೆ. ಇಷ್ಟುದ್ದದ ಅಂಗಳ ದಾಟಿ ಕೊಡ ಹೊರಬೇಕು. ದಿನಾ ಬೇವಿನ ಎಲೆ ಗುಡಿಸಬೇಕು. ದೇವದುರ್ಗದ ನಮ್ಮ ತುಂಬಿದ ಮನೆ ನೆನಪಾಯಿತು. ನಸುಕಿನಲ್ಲಿ ನೀವು ಗುಡಿಸುತ್ತಾ ಹೋದರೆ ಹಿಂದಿನಿಂದ ನಾನು ಒರೆಸುತ್ತಾ ಬರುತ್ತಿದ್ದೆ. ಒಂದು ದಿನ ನೆಟ್ಟಗೆ ನಿಲ್ಲಲಾಗದೆ ನೀವು ಗೋಡೆ ಹಿಡಿದು ಕುಳಿತಿರಿ. ಅವತ್ತು ಬಂದ ನೆಂಟರು ಮನೆ ಎಷ್ಟು ಚೊಕ್ಕಟವಾಗಿದೆ ಎಂದು ಹೊಗಳಿ, ಚಹಾ ಕುಡಿದು ಹೋದರು.

ಆ ಮನೆಯ ಒಡತಿ ಆದೆಮ್ಮ ನಮ್ಮಷ್ಟೇ ವಯಸ್ಸಿನವರು. ಗಂಡಸರಿನ್ನೂ ಮಾಳಿಗೆಯ ಮೇಲಿದ್ದಾಗ ನನಗೆ ಕುಡಿಯಲು ನೀರು ಕೊಟ್ಟು, "ಮನ್ಯಾಗ ಹೆಣ್ಮಕ್ಕಳು ಎಷ್ಟು ಮಂದಿ ಇದ್ದೀರಿ?" ಎಂದು ಕೇಳಿದರು.

"ನಾ ಒಬ್ಬಾಕಿನೇ ರೀ," ಅಂದೆ.

ಅವರು ಒಮ್ಮೆ ಮಾಳಿಗೆಯ ಕಡೆ ನೋಡಿ ದನಿ ತಗ್ಗಿಸಿದರು. "ಮನಿ ಭಾಳ ಛಲೋ ಅದರೀ. ನಮಗೂ ಮಾರಬೇಕಾಗ್ಯದ. ಆದ್ರ ಒಬ್ಬಾಕಿ ಕೈಲೆ ಆಗಂಗಿಲ್ರಿ ಇದು," ಅಂದರು.

ಆಟೋದಲ್ಲಿ ಬರುತ್ತಾ ನಾನು, "ಈ ಮನಿ ನನಗ ಬ್ಯಾಡ್ರಿ," ಅಂದೆ. ಇವರ ಮಾತಿಗೆ ನಾನು ಹೀಗೆ ಎದುರಾಡಿದ್ದು ಅದೇ ಮೊದಲು. ಮನೆಗೆ ಬಂದು ಊಟಕ್ಕೆ ಕುಳಿತಾಗ ಇವರು ತುತ್ತನ್ನು ಕೈಯಲ್ಲೇ ಹಿಡಿದುಕೊಂಡು, "ಮುಂದಿನ ಖೋಲಿ ಅಣ್ಣಗ ಅಂತ ನೋಡಿದ್ದೆ. ಸಣ್ಣ ಮನಿ ಆದ್ರ ಅಂವ ಬಂದಾಗ ಎಲ್ಲಿ ಇಳಸೋದು?" ಅಂದರು.

ನಾನು ಬೆರಗಾದೆ ಅಕ್ಕಾ. ದೇವದುರ್ಗದ ಮನೆ ಪಾಲಾದ ದಿನ ಬಾಯಿಗೆ ಬಂದಂತೆ ಬೈದಾಡಿಕೊಂಡ ಅಣ್ಣತಮ್ಮಂದಿರು ಇವರು. ಅವತ್ತಿನಿಂದ ಒಬ್ಬರ ಹೆಸರನ್ನು ಇನ್ನೊಬ್ಬರು ಎತ್ತಿಲ್ಲ. ನೀವೂ ನಾನೂ ಕದ್ದು ಮಾತಾಡುವಂತಾಯಿತು. ಇಷ್ಟು ವರ್ಷ ಇದು ಇವರ ಎದೆಯೊಳಗೆ ಇತ್ತೆಂದು ಒಂದೇ ಸೂರಿನಡಿ ಇದ್ದ ನನಗೂ ತಿಳಿಯಲಿಲ್ಲ. ಸಿಟ್ಟೂ ಬಂತು, ಅಳುವೂ ಬಂತು. "ಖೋಲಿ ಇಲ್ಲಂತ ಅವರು ದೂರ ಉಳದಾರೇನ್ರಿ? ನೀವು ಕರದಿಲ್ಲ, ಅವರು ಬಂದಿಲ್ಲ," ಅಂದೆ. ಇವರು ಎದ್ದು ಕೈ ತೊಳೆದುಕೊಂಡರು.

ಮರುದಿನ ಆ ಮನೆ ಬೇಡವೆಂದು ಜಮೀರನಿಗೆ ಇವರೇ ಹೇಳಿದರು. ಅದೇ ಓಣಿಯ ಕೊನೆಯಲ್ಲಿರುವ ಎರಡು ಕೋಣೆಯ ಮನೆಗೆ ಮಾತು ಮುಗಿಸಿದ್ದೇವೆ.

ಬರುವ ಗುರುವಾರ ಇವರು ನಿಮ್ಮನ್ನು ಗೃಹಪ್ರವೇಶಕ್ಕೆ ಕರೆಯಲು ಮಲ್ಲಟಕ್ಕೆ ಬರುತ್ತಾರೆ. ಭಾವನವರಿಗೆ ಮೊದಲೇ ಹೇಳಬೇಡಿ, ಹೊಲಕ್ಕೆ ಹೋಗಿಬಿಟ್ಟಾರು. ಇವರು ಬಾಗಿಲಲ್ಲಿ ನಿಂತು ಮಾತು ಬಾರದೆ ಒದ್ದಾಡಿದರೆ, ನೀವೇ "ಒಳಗ ಬಾರಪ್ಪ" ಅನ್ನಿ. ಅಷ್ಟು ಮಾಡಿ ಅಕ್ಕಾ. ಉಳಿದದ್ದನ್ನು ಅವರಿಬ್ಬರು ನೋಡಿಕೊಳ್ಳಲಿ.

ನಿಮ್ಮ ಬೆನ್ನುನೋವು ಇಳಿಯಲಿ, ಮಕ್ಕಳುಮರಿ ತಣ್ಣಗಿರಲಿ.

ನಿಮ್ಮ ದಾರಿ ಕಾಯುವ,
ವಿಜಯಶ್ರೀ