ನೀನು ಕೇಳಿದ ಮಾತ್ರೆ

ಮನೆಯ ಹಿಂದಿನ ಕೋಣೆ,
ಬುಧವಾರ ರಾತ್ರಿ, ಮಾರ್ಚ್ ೧೩

ಪ್ರೀತಿಯ ಅಣ್ಣನಿಗೆ,

ಹೇಗಿದ್ದೀಯ? ಎದೆಯ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆರು ತಿಂಗಳಾಯಿತಲ್ಲ, ಮೆಟ್ಟಿಲು ಹತ್ತುವಾಗ ಈಗಲೂ ಏದುಸಿರು ಬರುತ್ತದೆಯೇ? ಅತ್ತಿಗೆಯ ಮಂಡಿನೋವು ಕಮ್ಮಿಯಾಯಿತೇ? ನಾನು ಚೆನ್ನಾಗಿದ್ದೇನೆ. ನಿನ್ನ ಕಾಗದ ಓದಿದ ಮೇಲಂತೂ ಇನ್ನೂ ಚೆನ್ನಾಗಿದ್ದೇನೆ.

ಅರ್ಧ ತಲೆ ಸಿಡಿಯುತ್ತದೆ, ಬೆಳಕು ಕಂಡರಾಗುವುದಿಲ್ಲ, ವಾರ್ನಿಶ್ ವಾಸನೆಗೆ ವಾಂತಿ ಬರುತ್ತದೆ ಎಂದು ಬರೆದಿದ್ದೀಯ. ಎರಡು ಸಲ ಓದಿದೆ. ಮೂರನೇ ಸಲ ಬರೀ ಖುಷಿಗೆ ಓದಿದೆ. ಮಾಡಿದ್ದುಣ್ಣೋ ಮಹಾರಾಯ ಅಂತ ಅಮ್ಮ ಸುಮ್ಮನೆ ಹೇಳುತ್ತಿರಲಿಲ್ಲ. ನಮ್ಮ ಫೋಟೋ ಫ್ರೇಮಿನ ಅಂಗಡಿಯಲ್ಲಿ ಹನ್ನೊಂದು ವರ್ಷ ನಾನು ಅದೇ ವಾಸನೆಯಲ್ಲಿ ಕೂತೆ. ಇದೇ ತಲೆನೋವು ತಡೆಯಲಾರದೆ ಗಾಜುಗಳ ಹಿಂದೆ ಗೋಣಿ ಹಾಸಿಕೊಂಡು ಮುದುಡಿದಾಗಲೆಲ್ಲ ನೀನು ಬಂದು ಟ್ಯೂಬ್‌ಲೈಟ್ ಹಾಕುತ್ತಿದ್ದೆ. "ಏಳಮ್ಮಾ ಮಹಾರಾಣಿ, ಮುಖ ತೊಳ್ಕೊಂಡು ಕೆಲಸ ನೋಡು. ತಲೆನೋವು ಯಾರಿಗೆ ಬರಲ್ಲ?" ಕಣ್ಣ ಮುಂದೆ ಮಿಂಚಿನ ಗೆರೆ ಕುಣಿದು, ಅಳತೆಪಟ್ಟಿಯ ಅರ್ಧ ಅಂಕಿಗಳೇ ಕಾಣದ ದಿನ ಮೇಷ್ಟ್ರ ಮದುವೆ ಫೋಟೋದ ಗಾಜನ್ನು ಎರಡು ಇಂಚು ಕಮ್ಮಿ ಕೊಯ್ದೆ. ನೀನು ಗಿರಾಕಿಗಳೆದುರೇ ನನ್ನ ಕೈಯಿಂದ ಕಟರ್ ಕಿತ್ತುಕೊಂಡು, "ಇವಳದ್ದು ನೋವಲ್ಲ, ನಾಟಕ" ಅಂದೆ. ಮಾರನೇ ದಿನ ನನ್ನ ಸ್ಟೂಲಿನ ಮೇಲೆ ಬೇರೆ ಯಾರೋ ಕೂತಿದ್ದರು. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ನಾಟಕವಲ್ಲವೆಂದು ನನಗೆ ಔಷಧಿ ಕೊಡುವ ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ನರದ ತುದಿಯಿಂದ ಏನೋ ಒಂದು ವಸ್ತು ಒಸರುತ್ತದಂತೆ; ಅದು ಮಿದುಳಿನ ಹೊದಿಕೆಯ ರಕ್ತನಾಳಗಳನ್ನು ಹಿಗ್ಗಿಸಿ ನೋವನ್ನು ಕೆರಳಿಸುತ್ತದಂತೆ. ನೋವು ಬಂದವರ ರಕ್ತದಲ್ಲಿ ಅದನ್ನು ಅಳೆದು ನೋಡಿದ್ದಾರಂತೆ. ಅಳತೆಗೆ ಸಿಕ್ಕುವ ನಾಟಕ, ಅಣ್ಣಾ. ನೀನೂ ನಾನೂ ಅಳತೆ ನಂಬಿ ಬದುಕಿದವರಲ್ಲವೇ? ನನ್ನ ಮಾತ್ರೆ ಆ ಒಸರನ್ನು ತಡೆದು, ಹಿಗ್ಗಿದ ನಾಳಗಳನ್ನು ಬಿಗಿ ಮಾಡುತ್ತದೆ. ಒಂದೆರಡು ಗಂಟೆಯಲ್ಲಿ ಎದ್ದು ಕೂರುತ್ತೇನೆ.

ಆ ಮಾತ್ರೆಯನ್ನೇ ಕಳಿಸು ಅಂತ ಕೇಳಿದ್ದೀಯ. ತಲೆನೋವಿಗೆಲ್ಲ ಡಾಕ್ಟರ ಹತ್ತಿರ ಹೋದರೆ ನಾಲ್ಕು ಜನ ನಗುತ್ತಾರಂತೆ. ನಗುವುದನ್ನು ಅವರಿಗೆ ಕಲಿಸಿದ್ದು ಯಾರು? ಇರಲಿ, ಲಕೋಟೆಯೊಳಗೆ ಮಾತ್ರೆಯ ಶೀಟು ಇಟ್ಟಿದ್ದೇನೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಂಗಿ,
ಮಹಾರಾಣಿ

ತಾ.ಕ. (ಗುರುವಾರ ಬೆಳಿಗ್ಗೆ): ಶೀಟು ಖಾಲಿಯಿದೆ ಅಂತ ಬೈಯಬೇಡ. ಅಷ್ಟೂ ಮಾತ್ರೆಗಳನ್ನು ನಾನೇ ತೆಗೆದೆ. ಅದು ತಲೆಯ ನಾಳವನ್ನಷ್ಟೇ ಅಲ್ಲ, ಎದೆಯ ನಾಳವನ್ನೂ ಬಿಗಿಯುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ಮುಟ್ಟಲೇಬಾರದು ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಗೊತ್ತಿದ್ದೂ ನಿನ್ನೆ ತುಂಬಿದ ಶೀಟನ್ನೇ ಹಾಕಿ ಲಕೋಟೆ ಅಂಟಿಸಿದ್ದೆ. ಬೆಳಿಗ್ಗೆ ಎದ್ದು ಲಕೋಟೆ ಹರಿದೆ. ಹೆಸರು ಓದಿಕೊಂಡು ನೀನೇ ಕೊಂಡು ನುಂಗೀಯ ಅಂತ ಹೆಸರಿರುವ ಭಾಗವನ್ನೂ ಕತ್ತರಿಸಿದ್ದೇನೆ. ಈ ಸಲ ಅಳತೆ ತಪ್ಪಿಲ್ಲ. ಇವತ್ತೇ ಡಾಕ್ಟರಿಗೆ ತೋರಿಸು, ಎದೆಯ ವಿಷಯ ಮೊದಲು ಹೇಳು. ಅಲ್ಲಿಯವರೆಗೆ ನೀನು ನನಗೆ ಕೊಟ್ಟ ಔಷಧಿಯನ್ನೇ ತಗೋ: ಏಳು, ಮುಖ ತೊಳ್ಕೊಂಡು ಕೆಲಸ ನೋಡು.